ಬಾಣ ಕಟ್ಟಿದ ಕೈ

ಊರಿನ ಕಸುಬುದಾರರನ್ನು ಎಣಿಸಹೊರಟವರು ಕುಂಬಾರ, ಕಮ್ಮಾರ, ಬಡಗಿ, ಅಕ್ಕಸಾಲಿ, ನೇಕಾರ ಎಂದು ಬೆರಳು ಮಡಿಸುತ್ತ ಹೋಗುತ್ತಾರೆ. ಆ ಎಣಿಕೆಯಲ್ಲಿ ಮದ್ದಿನವನ ಹೆಸರು ಸೇರುವುದು ಅಪರೂಪ. ಕುಂಬಾರನ ಮಡಕೆ ಮನೆಯಲ್ಲಿ ಉಳಿಯುತ್ತದೆ. ಬಡಗಿಯ ಬಾಗಿಲು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಮದ್ದಿನವನು ತಿಂಗಳುಗಟ್ಟಲೆ ದುಡಿದು ಮಾಡಿದ್ದೆಲ್ಲವೂ ಒಂದೇ ರಾತ್ರಿಯಲ್ಲಿ ಬೂದಿಯಾಗಿ ಹೋಗುತ್ತದೆ. ಹಾಗಿದ್ದರೂ ಹಳೆಯ ಊರುಗಳಲ್ಲಿ ಬಾಲ್ಯವನ್ನು ಕಳೆದವರನ್ನು ಕೇಳಿ ನೋಡಿ. ಶಾಲೆಯ ಮೇಷ್ಟರ ಹೆಸರನ್ನು ಮರೆತಿದ್ದಾರು, ಬಾಣಬಿರುಸು ಮಾಡುತ್ತಿದ್ದವನನ್ನು ಮರೆತಿರಲಾರರು.

ದೇವನಹಳ್ಳಿಯ ಕೋಟೆಯ ಬೀದಿಗಳಲ್ಲಿ 1950ರ ಸುಮಾರಿನಲ್ಲಿ ಚಡ್ಡಿ ತೊಟ್ಟು ಓಡಾಡಿದ ಹುಡುಗರು ಇಂದು ಎಂಬತ್ತರ ಆಸುಪಾಸಿನ ಹಿರಿಯರು. ಅವರ ನೆನಪಿನಲ್ಲಿ ಅಂಥ ಒಬ್ಬರು ಇನ್ನೂ ಬದುಕಿದ್ದಾರೆ. ದೊಡ್ಡವರು ಅವರನ್ನು ‘ಮದ್ದಿನ ಸಾಬರು’ ಎನ್ನುತ್ತಿದ್ದರು. ಮಕ್ಕಳಿಗೆ ಅವರು ‘ಬಾಣದ ತಾತ’. ಅದಕ್ಕಿಂತ ಹೆಚ್ಚಿನ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ತಾತನ ಮನೆ ಊರಿನ ಅಂಚಿನಲ್ಲಿತ್ತು. ಮನೆಯಿಂದ ಇಪ್ಪತ್ತು ಮಾರು ದೂರದಲ್ಲಿ ಬೇರೆಯಾಗಿ ಒಂದು ಕೊಟ್ಟಿಗೆ. ಅದರ ಮಣ್ಣಿನ ಗೋಡೆ ಬಲು ದಪ್ಪ, ಮೇಲಿನ ಹುಲ್ಲಿನ ಮಾಡು ಬಲು ಹಗುರ. ಇದೇನು ವಿಚಿತ್ರವೆಂದು ಹುಡುಗರು ಅಂದುಕೊಳ್ಳುತ್ತಿದ್ದರು. ಅದರ ಅರ್ಥ ಅವರಿಗೆ ತಿಳಿದದ್ದು ಬೆಳೆದ ಮೇಲೆ. ಒಂದು ವೇಳೆ ಒಳಗೆ ಮದ್ದು ಹೊತ್ತಿಕೊಂಡರೆ ಅದರ ವೇಗ ಮಾಡನ್ನು ಹಾರಿಸಿಕೊಂಡು ಆಕಾಶಕ್ಕೆ ಹೋಗಬೇಕು. ಗೋಡೆಯನ್ನು ಒಡೆದುಕೊಂಡು ಪಕ್ಕದ ಮನೆಗೆ ನುಗ್ಗಬಾರದು. ನೆರೆಯವರ ಕ್ಷೇಮಕ್ಕಾಗಿ ಕಟ್ಟಿದ ಆ ಕೊಟ್ಟಿಗೆಯೊಳಗೆ ದಿನವೆಲ್ಲ ಕುಳಿತಿರುತ್ತಿದ್ದವರು ಮಾತ್ರ ತಾತ.

ಕಸುಬಿನ ಮೂಲ ಸಾಮಗ್ರಿ ಮೂರೇ: ಪೆಟ್ಲುಪ್ಪು, ಗಂಧಕ, ಇದ್ದಿಲು. ನೂರು ಪಾಲಿನಲ್ಲಿ ಎಪ್ಪತ್ತೈದರಷ್ಟು ಪೆಟ್ಲುಪ್ಪು, ಉಳಿದುದರಲ್ಲಿ ಇದ್ದಿಲು ಹೆಚ್ಚು, ಗಂಧಕ ಕಡಮೆ. ಲೋಕದಲ್ಲೆಲ್ಲ ಕೋವಿಮದ್ದಿನ ಲೆಕ್ಕ ಹೆಚ್ಚುಕಡಮೆ ಇದೇ. ಹಿಂದಿನ ಕಾಲದಲ್ಲಿ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ಬಸಿದು, ಕಾಯಿಸಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ತಾತನ ಕಾಲಕ್ಕೆ ಅದು ಬೆಂಗಳೂರಿನ ಪೇಟೆಯಿಂದ ಬರುತ್ತಿತ್ತು. ಇದ್ದಿಲನ್ನು ಮಾತ್ರ ಅವರು ಕೊಳ್ಳುತ್ತಿರಲಿಲ್ಲ. ಸೌದೆಯ ಇದ್ದಿಲು ಒರಟು. ಎಕ್ಕದ ಕಡ್ಡಿ, ತೊಗರಿಯ ಕಡ್ಡಿ ಸುಟ್ಟ ಇದ್ದಿಲು ಹಗುರ, ಬೇಗ ಹತ್ತುತ್ತದೆ. ಎಕ್ಕದ ಗಿಡ ತಂದುಕೊಟ್ಟ ಹುಡುಗನಿಗೆ ಒಂದು ಹಿಡಿ ಕಡಲೆಬೀಜ ದೊರಕುತ್ತಿತ್ತು. ಕೋಟೆಯ ಸುತ್ತಿನ ಬಯಲಿನಲ್ಲಿ ಎಕ್ಕ ಹೆಚ್ಚು ದಿನ ನಿಲ್ಲುತ್ತಿರಲಿಲ್ಲವೆಂಬುದು ಬೇರೆ ಮಾತು.

ಮೂರನ್ನೂ ಬೇರೆ ಬೇರೆಯಾಗಿ ಅರೆದು, ಕೊನೆಗೆ ಕೂಡಿಸಬೇಕು. ಕಾಗದದ ಕೊಳವೆಯಲ್ಲಿ ತುಂಬಿ, ಮರದ ಕೊಡತಿಯಿಂದ ಮೆಲ್ಲಗೆ ಬಡಿಯಬೇಕು. ಕಬ್ಬಿಣ ಮುಟ್ಟಿಸಿದರೆ ಕಿಡಿ ಹಾರೀತು. ಬಾಣದ ಬುಡಕ್ಕೆ ಜೇಡಿಮಣ್ಣಿನ ಬಿರಡೆ, ಅದರ ನಡುವೆ ಸಣ್ಣ ತೂತು. ಆ ತೂತು ಮದ್ದಿನೊಳಕ್ಕೆ ಎಷ್ಟು ಆಳ ಹೋಗಬೇಕೆಂಬುದರಲ್ಲಿಯೇ ಕಸುಬಿನ ಗುಟ್ಟೆಲ್ಲ ಅಡಗಿತ್ತು. ಕಡಮೆಯಾದರೆ ಬಾಣ ಮೇಲೇಳದು. ಹೆಚ್ಚಾದರೆ ನೆಲದಲ್ಲಿಯೇ ಸಿಡಿದೀತು. ಬಿರುಸಿಗಾದರೆ ಕಬ್ಬಿಣದ ಅರದ ಪುಡಿ ಬೆರೆಸಬೇಕು. ಹೊನ್ನಿನ ಹೂವಿನಂತೆ ಉದುರುವ ಕಿಡಿಯೆಲ್ಲವೂ ಕಮ್ಮಾರನ ಸಾಲೆಯಿಂದ ಗುಡಿಸಿ ತಂದ ಆ ಪುಡಿಯೇ.

ತಾತನ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ದೊಡ್ಡವರು ಅದನ್ನು ನೋಡಿಯೂ ನೋಡದಂತಿರುತ್ತಿದ್ದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು:

“ತಾತ, ನಿಮ್ಮ ಬೆರಳು ಎಲ್ಲಿ ಹೋಯಿತು?”

“ಬಾಣದ ಜೊತೆ ಆಕಾಶ ನೋಡಲಿಕ್ಕೆ ಹೋಗಿದೆಯಮ್ಮ. ಇನ್ನೂ ಬಂದಿಲ್ಲ.”

ಮಕ್ಕಳೆಲ್ಲ ನಕ್ಕರು. ಬಾಗಿಲಲ್ಲಿ ಕುಳಿತು ಕಾಗದದ ಕೊಳವೆ ಸುತ್ತುತ್ತಿದ್ದ ತಾತನ ಹೆಂಡತಿ ಮಾತ್ರ ನಗಲಿಲ್ಲ.

ಮಕ್ಕಳಿಗೆ ತಾತನ ಮೇಲೆ ಒಂದೇ ಒಂದು ಸಿಟ್ಟು. ಅವರು ಹಿರಿಯರಿಲ್ಲದೆ ಬಂದ ಮಕ್ಕಳ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ಒಂದು ದೀಪಾವಳಿಯಲ್ಲಿ ಶಾನುಭೋಗರ ಮಗ ನಾಲ್ಕಾಣೆ ಕೂಡಿಹಾಕಿಕೊಂಡು ಬಾಣ ಕೊಳ್ಳಲು ಹೋದ. “ಅಪ್ಪನವರನ್ನು ಕರೆದುಕೊಂಡು ಬಾ, ಮರಿ” ಎಂದರು ತಾತ. “ಅಪ್ಪನೇ ಕಳಿಸಿದ್ದು” ಎಂದು ಹುಡುಗ ಸುಳ್ಳು ಹೇಳಿದ. ತಾತ ಅವನ ಮುಖವನ್ನೊಮ್ಮೆ ನೋಡಿ, ಹಣ ಇಸಿದುಕೊಂಡು, ಬರಿಗೈಯಲ್ಲಿ ಕಳಿಸಿದರು. ಸಂಜೆ ಶಾನುಭೋಗರ ಮನೆಯ ಮುಂದೆ ಅವರ ದನಿ ಕೇಳಿದಾಗ ಹುಡುಗನ ಎದೆ ನಡುಗಿತು.

“ಶಾನುಭೋಗರೇ, ಚಿಕ್ಕ ಸ್ವಾಮಿಯವರು ನಾಲ್ಕಾಣೆ ಕೊಟ್ಟಿದ್ದರು. ಬಾಣ ತಂದಿದ್ದೇನೆ. ಹಚ್ಚುವುದು ನಾನು, ನೋಡುವುದು ಅವರು.”

ಶಾನುಭೋಗರು ಮಗನ ಕಡೆಗೊಮ್ಮೆ ನೋಡಿ ನಕ್ಕುಬಿಟ್ಟರು. ಆ ರಾತ್ರಿ ಕೋಟೆಯ ಮೇಲೆ ನಾಲ್ಕು ಬಾಣಗಳು ಏರಿದವು. ಸುಳ್ಳಿಗೆ ದೊರೆಯಬೇಕಾಗಿದ್ದ ಏಟು ದೊರೆಯಲಿಲ್ಲ. ಆದರೆ ಆ ಹುಡುಗ ತಾತನ ಎದುರಿನಲ್ಲಿ ಮತ್ತೆ ಸುಳ್ಳಾಡಲೂ ಇಲ್ಲ.

ವೇಣುಗೋಪಾಲಸ್ವಾಮಿಯ ರಥೋತ್ಸವ ಬಂತೆಂದರೆ ದೇವಸ್ಥಾನದ ಪಾರುಪತ್ತೇದಾರರು ತಾತನನ್ನು ಕರೆಸಿ ವೀಳ್ಯ ಕೊಡುತ್ತಿದ್ದರು. ತೇರಿನ ಹಗ್ಗಕ್ಕೆ ಕೈ ಹಾಕುವ ಮುನ್ನ ಔಟು ಹಾರಬೇಕು. ರಾತ್ರಿ ಉತ್ಸವ ಬೀದಿಗೆ ಬಂದಾಗ ಚಕ್ರ, ಬಿರುಸು, ಬಾಣ. ಹಿಂದೂ ದೇವರ ಉತ್ಸವಕ್ಕೆ ಮುಸಲ್ಮಾನರ ಬಾಣವೇ ಎಂದು ಆ ಬೀದಿಯಲ್ಲಿ ಯಾರೂ ಕೇಳಿದ್ದಿಲ್ಲ. ಅದು ವಿಶಾಲ ಮನಸ್ಸಿನ ಪ್ರದರ್ಶನವೂ ಆಗಿರಲಿಲ್ಲ. ಊರಿನ ವಾಡಿಕೆಯಾಗಿತ್ತು, ಅಷ್ಟೆ.

ಬಾಣಬಿರುಸು ಮುಗಿದು ಊರೆಲ್ಲ ಮಲಗಿದ ಮೇಲೆ ತಾತನ ಕೊನೆಯ ಕೆಲಸ ಮೊದಲಾಗುತ್ತಿತ್ತು. ಬೆಳಕು ಹರಿಯುವುದಕ್ಕೆ ಮುಂಚೆಯೇ ಒಂದು ಕೊಡ ನೀರು ಹಿಡಿದು ಬಯಲಿಗೆ ಹೋಗಿ, ಹತ್ತದೆ ಉಳಿದ ಒಂದೊಂದು ಬಾಣವನ್ನೂ ಹುಡುಕಿ ತೋಯಿಸಿ ತರುತ್ತಿದ್ದರು. ಹುಡುಗರು ಎದ್ದು ಓಡಿ ಬರುವ ಹೊತ್ತಿಗೆ ಅಲ್ಲಿ ಬಿದಿರುಕಡ್ಡಿಗಳಲ್ಲದೆ ಬೇರೇನೂ ಇರುತ್ತಿರಲಿಲ್ಲ.

ಈ ಕಸುಬು ನಾಡಿಗೆ ಹೊಸತಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ದೇವನಹಳ್ಳಿಯಂತೂ ಟಿಪ್ಪು ಸುಲ್ತಾನ ಹುಟ್ಟಿದ ಊರು. ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ ಮೈಸೂರಿನ ಬಾಣಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯನ್ನು ಕಂಗೆಡಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋಗಿ, ಕಾಂಗ್ರೀವ್ ಎಂಬಾತನ ಪ್ರಯೋಗಗಳಿಗೆ ಪ್ರೇರಣೆಯಾದವು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರದಷ್ಟು ಬಾಣಗಳು 2018ರಲ್ಲಿ ದೊರೆತವು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರಿಗೂ ಈ ಬಾಣಗಳಿಗೂ ನಂಟಿದೆಯೆಂದು ಹೇಳುವುದುಂಟು. ಬಾಣದ ತಾತನಿಗೆ ಈ ಚರಿತ್ರೆಯೆಲ್ಲ ತಿಳಿದಿತ್ತೋ ಇಲ್ಲವೋ, ಬಿದಿರಿನ ಕಡ್ಡಿ ಬಾಣಕ್ಕಿಂತ ಎಷ್ಟು ಉದ್ದವಿರಬೇಕೆಂಬುದು ಅವರ ಕೈಗೆ ತಿಳಿದಿತ್ತು.

ಕಾಲ ಬದಲಾಯಿತು. ತಮಿಳುನಾಡಿನ ಶಿವಕಾಶಿಯಿಂದ ಷಣ್ಮುಖ ನಾಡಾರ್, ಅಯ್ಯ ನಾಡಾರ್ ಎಂಬಿಬ್ಬರು 1920ರ ದಶಕದ ಮೊದಲಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. 1940ರ ದಶಕದಲ್ಲಿ ಅಲ್ಲಿ ಪಟಾಕಿಯ ಕಾರ್ಖಾನೆಗಳು ಬೆಳೆದವು. ಬಣ್ಣದ ಚಿತ್ರ ಅಂಟಿಸಿದ ಅಗ್ಗದ ಪೊಟ್ಟಣಗಳು ದೇವನಹಳ್ಳಿಯ ಅಂಗಡಿಗಳಿಗೂ ಬಂದವು. ಮಕ್ಕಳು ಅಪ್ಪನನ್ನು ಕರೆದುಕೊಂಡು ಹೋಗಬೇಕಾದ ಅಗತ್ಯವೂ ತಪ್ಪಿತು. ಯಾರೋ ಒಂದು ಪೊಟ್ಟಣವನ್ನು ತಾತನಿಗೆ ತೋರಿಸಿದರು. ಅವರು ಅದನ್ನು ತಿರುಗಿಸಿ ನೋಡಿ, “ಚಿತ್ರ ಚೆನ್ನಾಗಿದೆ. ಆದರೆ ಕಟ್ಟಿದ ಕೈ ಯಾರದೋ ಗೊತ್ತಾಗುವುದಿಲ್ಲವಲ್ಲ” ಎಂದರಂತೆ.

ಮದ್ದಿನ ಕೆಲಸಕ್ಕೆ ಪರವಾನಗಿ ಬೇಕು, ಕಟ್ಟಡಗಳ ನಡುವೆ ಇಷ್ಟು ಅಂತರ ಬೇಕು ಎಂಬ ಸರ್ಕಾರದ ನಿಯಮಗಳೂ ಬಿಗಿಯಾದವು. ಅವು ಸರಿಯಾದ ನಿಯಮಗಳೇ. ಊರಿನಂಚಿನ ಕೊಟ್ಟಿಗೆಯಲ್ಲಿ ಬೆರಳು ಕಳೆದುಕೊಳ್ಳುವುದು ಯಾರ ಹಣೆಬರಹವೂ ಆಗಬಾರದು. ತಾತನ ಮಗ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಸೇರಿದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಕೊಳವೆ ಸುತ್ತುತ್ತಿದ್ದ ಆ ತಾಯಿಯೇ. ಕೆಲವು ಮಳೆಗಾಲ ಕಳೆಯುವುದರೊಳಗೆ ಹುಲ್ಲಿನ ಮಾಡು ಕುಸಿಯಿತು. ದಪ್ಪ ಗೋಡೆ ಕರಗಿ ನೆಲಸಮವಾಯಿತು.

ಊರಿನಿಂದ ಅಪಾಯ ತೊಲಗಿತು, ನಿಜ. ಆದರೆ ಅದು ಲೋಕದಿಂದ ತೊಲಗಿತೆ? ಶಿವಕಾಶಿಯ ಪಟಾಕಿಗಳನ್ನು ಕಟ್ಟುತ್ತಿದ್ದವರಲ್ಲಿ ಬಹುಕಾಲ ಸಣ್ಣ ಮಕ್ಕಳೂ ಇದ್ದರು. ಮಕ್ಕಳ ಆಟಕ್ಕಾಗಿ ಮಕ್ಕಳೇ ಮದ್ದು ತುಂಬುತ್ತಿದ್ದರು. 1986ರ ಕಾಯಿದೆ ಅದನ್ನು ನಿಷೇಧಿಸಿತು. 1996ರಲ್ಲಿ ಸುಪ್ರೀಂ ಕೋರ್ಟು ಬಾಲಕಾರ್ಮಿಕರ ಪುನರ್ವಸತಿಗಾಗಿ ಕಟ್ಟುನಿಟ್ಟಿನ ಆಜ್ಞೆಗಳನ್ನು ನೀಡಿತು. 2012ರ ಸೆಪ್ಟೆಂಬರ್ 5ರಂದು ಅಲ್ಲಿಯ ಮುದಲಿಪಟ್ಟಿಯ ಒಂದೇ ಅವಘಡದಲ್ಲಿ 30ಕ್ಕೂ ಹೆಚ್ಚು ಮಂದಿ ಸತ್ತರು. 2023ರ ಅಕ್ಟೋಬರ್ 7ರಂದು ಬೆಂಕಿ ನಮ್ಮ ಬಾಗಿಲಿಗೇ ಬಂದಿತು. ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿಯ ದಾಸ್ತಾನು ಹೊತ್ತಿ ಉರಿದು 14ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಹಲವರು ದೀಪಾವಳಿಯ ಕೆಲಸಕ್ಕೆಂದು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಎಳೆಯ ಹುಡುಗರು, ಕೆಲವರು ಓದುತ್ತಿದ್ದವರು. ಆ ವರ್ಷದ ಹಬ್ಬದಲ್ಲಿ ಪಟಾಕಿ ಹಚ್ಚಿದ ಎಷ್ಟು ಮನೆಗಳಲ್ಲಿ ಅವರ ನೆನಪಾಯಿತೋ!

ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ಇಷ್ಟೇ. ಬಾಣದ ತಾತನ ಕಾಲದಲ್ಲಿ ಬೆಳಕಿನ ಬೆಲೆ ತೆತ್ತವರ ಕೈ ಊರಿಗೆಲ್ಲ ಕಾಣುತ್ತಿತ್ತು. ಆ ಎರಡು ಮೋಟುಬೆರಳುಗಳನ್ನು ಕಂಡ ಮಕ್ಕಳು ಮದ್ದಿನೊಡನೆ ಹುಡುಗಾಟವಾಡುತ್ತಿರಲಿಲ್ಲ. ತಾತನಿಗೂ ತಾನು ಕಟ್ಟಿದ ಬಾಣ ಯಾವ ಮನೆಯ ಅಂಗಳಕ್ಕೆ ಹೋಗುತ್ತದೆಂಬುದು ತಿಳಿದಿತ್ತು. ಇಂದು ಕಟ್ಟಿದವನಿಗೆ ಹಚ್ಚುವ ಮಗು ಕಾಣದು. ಹಚ್ಚುವ ಮಗುವಿಗೆ ಕಟ್ಟಿದವನು ಕಾಣನು. ನಡುವೆ ಇರುವುದು ಬಣ್ಣದ ಚಿತ್ರದ ಪೊಟ್ಟಣವೊಂದೇ.

ಹೋದ ಕಸುಬನ್ನು ಮರಳಿ ತರುವುದು ಸಾಧ್ಯವಿಲ್ಲ, ತರಬೇಕಾಗಿಯೂ ಇಲ್ಲ. ಹೊಗೆ ಕಡಮೆಯಾಗಲೆಂದು 2018ರಲ್ಲಿ ಸುಪ್ರೀಂ ಕೋರ್ಟು ಬೇರಿಯಂ ಬೆರೆಸಿದ ಪಟಾಕಿಗಳನ್ನು ನಿಷೇಧಿಸಿ, ಹಚ್ಚುವ ಹೊತ್ತನ್ನೂ ಗೊತ್ತುಪಡಿಸಿತು. ಆದರೂ ದೀಪಾವಳಿ ಬಂತೆಂದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ವೈದ್ಯರು ಹಗಲಿರುಳು ಸಜ್ಜಾಗಿ ಕಾಯಬೇಕಾಗಿದೆ. ಅಲ್ಲಿಗೆ ಬರುವವರಲ್ಲಿ ಮಕ್ಕಳಿದ್ದಾರೆ. ಬೀದಿಯಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದವರೂ ಇದ್ದಾರೆ. ಪಟಾಕಿ ಹಚ್ಚದೆಯೇ ಹಬ್ಬ ಮಾಡುವ ಮನೆಗಳು ಇಂದು ಹೆಚ್ಚುತ್ತಿವೆ, ಅದು ಒಳ್ಳೆಯದೇ. ಹಚ್ಚಲೇಬೇಕೆನ್ನುವ ಮನೆಗಳಲ್ಲಿ ಹಿರಿಯರು ಮಗುವಿನ ಪಕ್ಕದಲ್ಲಿ ನಿಂತಿರಲಿ. ಮರುದಿನ ಮಕ್ಕಳು ಏಳುವ ಮೊದಲೇ ಒಂದು ಬಕೆಟ್ಟು ನೀರು ಹಿಡಿದು ಬೀದಿಗಿಳಿದು, ಸಿಡಿಯದೆ ಉಳಿದುದನ್ನೆಲ್ಲ ಆರಿಸಿ ತೋಯಿಸಲಿ. ಅದಕ್ಕೆ ಪರವಾನಗಿ ಬೇಕಿಲ್ಲ, ಕಸುಬಿನ ಗುಟ್ಟೂ ಬೇಕಿಲ್ಲ.