ತೋಳ ಬಲವೂ ಕೀಲಿನ ಅಳತೆಯೂ

ಯಾದಗಿರಿಯ ಸಮೀಪದ ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಜಾತ್ರೆ ನೆರೆಯಿತೆಂದರೆ ಶಹಾಪುರ, ಸುರಪುರಗಳ ಕಡೆಯಿಂದಲೂ ಜನ ಬಂಡಿ ಬಸ್ಸುಗಳಲ್ಲಿ ಬಂದು ಕೂಡುವರು. ಈ ಸೀಮೆಯ ಜಾತ್ರೆಗಳೆಂದರೆ ತೇರು, ಬೆಂಡು ಬತ್ತಾಸು, ಬಳೆಯಂಗಡಿಗಳಷ್ಟೇ ಅಲ್ಲ. ಅಲ್ಲಿ ದೇವರ ಸೇವೆಯ ಜೊತೆಗೆ ದೇಹಬಲದ ಪರೀಕ್ಷೆಗೂ ಒಂದು ಸ್ಥಾನವುಂಟು. ಒಂದೆಡೆ ದುಂಡುಗಲ್ಲನ್ನು ಎದೆಗೇರಿಸುವವರು, ಒಂದೆಡೆ ಉಸುಕಿನ ಚೀಲವನ್ನು ಹೆಗಲಿಗೆ ಹಾರಿಸುವವರು, ಇನ್ನೊಂದೆಡೆ ಕೆಮ್ಮಣ್ಣಿನ ಕಣದಲ್ಲಿ ತೊಡೆ ತಟ್ಟುವ ಪೈಲ್ವಾನರು. ಕಣಕ್ಕಿಳಿಯುವ ಧೈರ್ಯವಿಲ್ಲದ ಪೇಟೆಯ ಹುಡುಗನೂ ಚಹದಂಗಡಿಯ ಮೇಜಿನ ಮೇಲೆ ಮೊಣಕೈಯೂರಿ, ‘ಬಾ, ಪಂಜಾ ಹಿಡಿ’ ಎಂದು ಗೆಳೆಯನನ್ನು ಕರೆಯಬಲ್ಲನು.

ಪಂಜಾ ಕುಸ್ತಿಯು ನೋಡುವುದಕ್ಕೆ ಪರಮ ಸಾಧುವಾದ ಆಟ. ಇದರಲ್ಲಿ ಬೀಳುವುದಿಲ್ಲ, ಏಳುವುದಿಲ್ಲ. ಬಟ್ಟೆಗೆ ಮಣ್ಣು ಹತ್ತುವುದಿಲ್ಲವಾದ್ದರಿಂದ ಮನೆಯಲ್ಲಿ ತಾಯಂದಿರ ಆಕ್ಷೇಪಣೆಯೂ ಇರುವುದಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ, ಮದುವೆಮನೆಯ ಪಡಸಾಲೆಯಲ್ಲಿ, ರೈಲು ತಡವಾದಾಗ ನಿಲ್ದಾಣದ ಕಟ್ಟೆಯ ಮೇಲೆ, ಎಲ್ಲೆಂದರಲ್ಲಿ ಇದನ್ನು ಆಡಬಹುದು. ಆದರೆ ಎಲುಬಿನ ವೈದ್ಯರನ್ನು ಕೇಳಿದರೆ ಅವರು ಹೇಳುವ ಮಾತೇ ಬೇರೆ. ಹೊಡೆತವಿಲ್ಲದೆ, ಬೀಳುವಿಕೆಯಿಲ್ಲದೆ, ಕುಳಿತಲ್ಲೇ ಕುಳಿತು ಮನುಷ್ಯನು ತನ್ನ ರಟ್ಟೆಯ ಎಲುಬನ್ನು ಮುರಿದುಕೊಳ್ಳುವ ಆಟವಿದು. ರಟ್ಟೆಯ ಎಲುಬೆಂದರೆ ಸಾಮಾನ್ಯವೇ? ಮುಂಗೈಯಲ್ಲಿ ಭಾರ ಹಂಚಿಕೊಳ್ಳಲು ಎರಡು ಎಲುಬುಗಳಿವೆ. ಹೆಗಲಿನಿಂದ ಮೊಣಕೈವರೆಗೆ ಇರುವುದು ಇದೊಂದೇ, ಕೈಯಲ್ಲೆಲ್ಲ ಅತ್ಯಂತ ಗಟ್ಟಿಯಾದದ್ದು. ಅದು ಮುರಿಯುವುದಾದರೂ ಹೇಗೆ?

ಮನೆಯಲ್ಲಿ ಮಕ್ಕಳಿದ್ದರೆ ಒಂದು ಸೀಮೆಸುಣ್ಣದ ಕಡ್ಡಿಯನ್ನು ತರಿಸಿ ನೋಡಬಹುದು. ಅದನ್ನು ಎರಡು ತುದಿಗಳಲ್ಲಿ ಹಿಡಿದು ಬಗ್ಗಿಸಿದರೆ ನೆಟ್ಟಗೆ ಅಡ್ಡಲಾಗಿ ತುಂಡಾಗುತ್ತದೆ. ಹಾಗೆ ಮಾಡದೆ, ಒದ್ದೆ ಬಟ್ಟೆಯನ್ನು ಹಿಂಡುವಂತೆ ಎರಡು ಕೈಗಳಿಂದಲೂ ಎದುರುಬದರಾಗಿ ತಿರುಚಿದರೆ, ಮುರಿದ ಅಂಚು ಓರೆಯಾಗಿ ಸುರುಳಿ ಸುತ್ತಿಕೊಂಡು ಹೋಗಿರುತ್ತದೆ. ಪಂಜಾದಲ್ಲಿ ಮುರಿದ ತೋಳಿನ ಕ್ಷಕಿರಣ ಚಿತ್ರದಲ್ಲಿ ಕಾಣುವುದು ಇದೇ ಸುರುಳಿ. ಮೊಣಕೈ ಬಾಗಿ ಮೇಜಿನ ಮೇಲೆ ಊರಿದಾಗ ಮುಂಗೈಯು ಬೀಸುವ ಕಲ್ಲಿನ ಗೂಟದಂತೆ ನೆಟ್ಟಗೆ ನಿಲ್ಲುತ್ತದೆ. ಎದುರಾಳಿಯು ಆ ಗೂಟವನ್ನು ಹಿಡಿದು ರಟ್ಟೆಯ ಎಲುಬಿನ ಕೆಳತುದಿಯನ್ನು ಹೊರಕ್ಕೆ ತಿರುಗಿಸುತ್ತಾನೆ. ಆಟಗಾರನ ಎದೆ, ಬೆನ್ನು, ಹೆಗಲುಗಳ ದೊಡ್ಡ ದೊಡ್ಡ ಸ್ನಾಯುಗಳೆಲ್ಲ ಸೇರಿ ಅದೇ ಎಲುಬಿನ ಮೇಲ್ತುದಿಯನ್ನು ಒಳಕ್ಕೆ ತಿರುಗಿಸುತ್ತವೆ. ಎರಡರ ನಡುವೆ ಸಿಕ್ಕ ಎಲುಬು ತಿರುಚಿಕೊಳ್ಳದೆ ಏನು ಮಾಡೀತು? ಬಲಿಷ್ಠನಾದವನ ಎಲುಬು ಮುರಿಯುವುದಿಲ್ಲವೆಂಬ ನಂಬಿಕೆಯೊಂದಿದೆ. ವಾಸ್ತವದಲ್ಲಿ ಆ ಎಲುಬನ್ನು ಮುರಿಯುವುದರಲ್ಲಿ ಎದುರಾಳಿಯ ಬಲದಷ್ಟೇ ಪಾಲು ಅವನ ಸ್ವಂತ ಬಲಕ್ಕೂ ಇರುತ್ತದೆ.

ಅಪಾಯದ ಗಳಿಗೆ ಯಾವುದೆಂಬುದನ್ನೂ ಬಲ್ಲವರು ಗುರುತಿಸಿದ್ದಾರೆ. ಸೋಲುವ ಸೂಚನೆ ಕಂಡೊಡನೆ ಆಟಗಾರನು ಹಲ್ಲು ಕಚ್ಚಿ, ಮುಖವನ್ನು ಬೇರೆ ಕಡೆಗೆ ತಿರುಗಿಸಿ, ಮೈಯ ಭಾರವನ್ನೆಲ್ಲ ಗೆಲ್ಲುವ ದಿಕ್ಕಿಗೆ ಎಸೆಯುತ್ತಾನೆ. ಹೆಗಲು ಮುಂದೆ ಹೋಗುತ್ತದೆ, ಕೈ ಹಿಂದೆ ಉಳಿಯುತ್ತದೆ. ತೋಳು ಮುರಿಯುವ ಭಂಗಿಯೆಂದು ಹೆಸರು ಪಡೆದಿರುವುದು ಇದೇ. ಆದ್ದರಿಂದ ಪಳಗಿದ ಆಟಗಾರರ ಮೊದಲ ಪಾಠವೆಂದರೆ ಕಣ್ಣು ಯಾವಾಗಲೂ ತನ್ನ ಕೈಯ ಮೇಲೆಯೇ ಇರಬೇಕು, ಕೈಯೂ ಹೆಗಲೂ ಒಂದೇ ದಿಕ್ಕಿಗೆ ಸಾಗಬೇಕು ಎಂಬುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪೆಟಲೂಮ ಎಂಬ ಊರಿನಲ್ಲಿ 1952ರಲ್ಲಿ ಪಾನಗೃಹದ ಪಂಥವಾಗಿ ನಡೆದ ಈ ಆಟ ಇಂದು ದೇಶದೇಶಗಳ ಕ್ರೀಡೆಯಾಗಿದೆ. ಭಾರತದಲ್ಲಿಯೂ 2023ರಲ್ಲಿ ಪ್ರೊ ಪಂಜಾ ಲೀಗ್ ಎಂಬ ಪಂದ್ಯಾವಳಿ ನಡೆದು, ಮನೆಮನೆಯ ಪರದೆಯ ಮೇಲೆ ಕಾಣಿಸಿಕೊಂಡಿತು. ಅಂಥ ಪಂದ್ಯಗಳಲ್ಲಿ ಆ ಭಂಗಿಯನ್ನು ಕಂಡೊಡನೆ ತೀರ್ಪುಗಾರನು ಎಚ್ಚರಿಸುತ್ತಾನೆ. ಚಹದಂಗಡಿಯ ಮೇಜಿಗೆ ತೀರ್ಪುಗಾರನಿಲ್ಲ. ಅಲ್ಲಿರುವವರೆಲ್ಲ ‘ಬಿಡಬ್ಯಾಡೋ, ಇನ್ನಷ್ಟು ಒತ್ತು’ ಎಂದು ಹುರಿದುಂಬಿಸುವವರೇ. ಮರುಕ್ಷಣದಲ್ಲಿ ಒಣಕಟ್ಟಿಗೆ ಮುರಿದಂಥ ಸದ್ದು, ಅನಂತರ ಮೌನ.

ಮುರಿದ ಎಲುಬು ಕೂಡಿಕೊಳ್ಳುತ್ತದೆ. ಆದರೆ ಆ ಎಲುಬಿನ ಹಿಂಬದಿಯನ್ನು ಬಳಸಿ ಇಳಿಯುವ ನರವೊಂದಿದೆ. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ ಅಪ್ಪಣೆ ಹೋಗುವುದು ಅದರ ಮೂಲಕ. ಎಲುಬು ಮುರಿದಾಗ ಕೆಲವರಲ್ಲಿ ಆ ನರವೂ ಜಗ್ಗಿ ನೋಯುತ್ತದೆ. ಆಗ ಕೈ ಎತ್ತಿದರೆ ಅಂಗೈ ಬಾಡಿದ ಎಲೆಯಂತೆ ಮಣಿಕಟ್ಟಿನಿಂದ ಜೋತುಬೀಳುತ್ತದೆ. ಕೈ ಸತ್ತಿತೆಂದು ಮನೆಯವರು ಗೋಳಿಡುವರು. ಹೆಚ್ಚಿನವರಲ್ಲಿ ನರ ಕಡಿದಿರುವುದಿಲ್ಲ, ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ; ಅಲ್ಲಿಯವರೆಗೆ ಮಣಿಕಟ್ಟಿಗೆ ಆಧಾರ ಕೊಟ್ಟು, ಬೆರಳುಗಳು ಸೆಟೆಯದಂತೆ ಆಡಿಸುತ್ತಿರಬೇಕು. ಬಲಗೈಯಿಂದ ಬರೆದು ಬದುಕುವ ಗುಮಾಸ್ತನಿಗೆ ಆ ಕೆಲವು ತಿಂಗಳುಗಳೆಂದರೆ ಎಷ್ಟೆಂಬುದನ್ನು ಅವನ ಮನೆಯವರೇ ಬಲ್ಲರು.

ಹದಿಮೂರರಿಂದ ಹದಿನಾರರ ವಯಸ್ಸಿನ ಹುಡುಗರ ಸಂಗತಿ ಬೇರೆ. ಅವರ ರಟ್ಟೆಯ ಎಲುಬು ಮುರಿಯುವುದು ಕಡಿಮೆ. ಮೊಣಕೈಯ ಒಳಬದಿಯ ಗುಬುಟು, ಮೈಗೆ ಹತ್ತಿದ್ದಾಗ ಕೈಗೆ ಸಿಗುವ ಆ ಸಣ್ಣ ದಿಬ್ಬ, ಬುಡ ಸಮೇತ ಕಿತ್ತುಬರುತ್ತದೆ. ಬೆಳೆಯುವ ಎಲುಬಿನಲ್ಲಿ ಬೆಳವಣಿಗೆಯ ಪದರ ಮೆತ್ತಗಿರುತ್ತದೆ. ಮುಂಗೈಯ ಸ್ನಾಯುಗಳೆಲ್ಲ ಅಲ್ಲಿಂದಲೇ ಜಗ್ಗುವುದರಿಂದ ಮೊದಲು ಸೋಲುವುದು ಅದು. ‘ಉಳುಕಿರಬೇಕು, ನಾಳೆ ಸರಿಹೋಗುತ್ತದೆ’ ಎಂದು ತಂದೆ ಪತ್ರಿಕೆಯತ್ತ ಮುಖ ಮಾಡುವುದು ಹೆಚ್ಚಾಗಿ ಇಂಥ ಸಂದರ್ಭದಲ್ಲಿಯೇ.

ಇನ್ನು ಕುಸ್ತಿಯ ಮಾತು. ಕನ್ನಡ ಪಂಡಿತರಿಗೆ ಸಂಧಿಯೆಂದರೆ ಲೋಪ, ಆಗಮ, ಆದೇಶ. ವೈದ್ಯರಿಗೆ ಸಂಧಿಯೆಂದರೆ ಕೀಲು. ಸುಶ್ರುತನು ದೇಹದಲ್ಲಿ 210 ಸಂಧಿಗಳನ್ನು ಎಣಿಸಿದನು. ಪೈಲ್ವಾನನ ಪಟ್ಟುಗಳೆಲ್ಲ ಗುರಿಯಿಡುವುದು ಈ ಸಂಧಿಗಳಿಗೇ. ಮಹಾಭಾರತದ ಮಲ್ಲಯುದ್ಧಗಳಲ್ಲಿ ಅತ್ಯಂತ ದಾರುಣವಾದದ್ದು ಜರಾಸಂಧನದು. ಜರೆಯೆಂಬ ರಕ್ಕಸಿ ಎರಡು ಹೋಳುಗಳನ್ನು ಕೂಡಿಸಿದ್ದರಿಂದ ಬಂದ ಹೆಸರು ಅದು, ಕೂಡಿಸಿದ ಸಂಧಿಯಲ್ಲಿಯೇ ಅವನ ಸಾವೂ ಇತ್ತು. ಭೀಮನ ಕಾಲ ಹೋಯಿತು. ಇಂದಿನ ಕಣದಲ್ಲಿ ಸಡಿಲುವುದು ಬಹುಮಟ್ಟಿಗೆ ಹೆಗಲಿನ ಕೀಲು ಅಥವಾ ಮೊಣಕೈ. ತೊಡೆಯ ಕೀಲು ಬಟ್ಟಲಿನಲ್ಲಿಟ್ಟ ಲಿಂಬೆಹಣ್ಣಿನಂತೆ ಭದ್ರ. ಹೆಗಲಿನದು ತಟ್ಟೆಯ ಮೇಲಿಟ್ಟ ಲಿಂಬೆಹಣ್ಣು. ಕೈಯನ್ನು ಸುತ್ತಲೂ ಬೀಸಬಹುದಾದ ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ ಇದು. ತೋಳು ಮೇಲೆತ್ತಿ ಹೊರಕ್ಕೆ ತಿರುಗಿರುವಾಗ ಎದುರಾಳಿ ಹಿಂದಕ್ಕೆ ಜಗ್ಗಿದರೆ ಹಣ್ಣು ತಟ್ಟೆಯಿಂದ ಮುಂದಕ್ಕೆ ಜಾರುತ್ತದೆ. ಮೊಣಕೈ ತಪ್ಪುವ ಬಗೆ ಬೇರೆ: ಎತ್ತಿ ಒಗೆದಾಗ ಬೀಳುವವನು ತನಗರಿಯದೆಯೇ ಕೈಯನ್ನು ನೆಲಕ್ಕೆ ಚಾಚುತ್ತಾನೆ, ಮೈಭಾರವೆಲ್ಲ ಚಾಚಿದ ಕೈಯ ಮೇಲೆ ಬೀಳುತ್ತದೆ. ಗರಡಿಯಲ್ಲಿ ಹೊಡೆಯುವ ವಿದ್ಯೆಗಿಂತ ಮೊದಲು ಬೀಳುವ ವಿದ್ಯೆ ಕಲಿಸುವುದು, ಎಣ್ಣೆ ಮಜ್ಜಿಗೆ ಬೆರೆಸಿ ಹದಗೊಳಿಸಿದ ಮಣ್ಣಿನಲ್ಲಿಯೇ ಕಲಿಸುವುದು ಇದೇ ಕಾರಣಕ್ಕೆ. ಮೊಬೈಲಿನಲ್ಲಿ ಪಟ್ಟು ನೋಡಿ ತಾರಸಿಯ ಸಿಮೆಂಟಿನ ಮೇಲೆ ತಮ್ಮನನ್ನು ಎತ್ತಿ ಒಗೆಯುವ ಅಣ್ಣಂದಿರಿಗೆ ಆ ಹದದ ಅರಿವು ಎಲ್ಲಿಂದ ಬರಬೇಕು?

ಈ ನಾಡಿಗೆ ಈ ವಿವೇಕ ಹೊಸದಲ್ಲ. ಕಲ್ಯಾಣವನ್ನಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟುಗಳ ಪ್ರಕಾರ ವರ್ಗಗಳಾಗಿ ವಿಂಗಡಿಸಲಾಗಿದೆ; ಅವರ ಆಹಾರ ಹೇಳಿದೆ; ಭಾರ ಎತ್ತುವುದು, ನಡೆಯುವುದು, ಈಜುವುದು, ತೋಳು ಹುರಿಗೊಳಿಸುವುದು, ಕಂಬ ಹತ್ತಿ ಸಾಧನೆ ಮಾಡುವುದು ಎಂದು ಶ್ರಮಗಳ ಕ್ರಮವೂ ಇದೆ. ಮೊದಲು ಮೈಯ ಸಿದ್ಧತೆ, ಅನಂತರ ಪಂಥ, ಅದೂ ಸರಿಜೋಡಿಯೊಡನೆ. ಒಂಬತ್ತು ಶತಮಾನಗಳ ಹಿಂದಿನ ಅರಸನು ತನ್ನ ಮಲ್ಲರಿಗೆ ತೋರಿದ ಈ ಎಚ್ಚರಿಕೆಯನ್ನು ಇಂದು ವಾರದಲ್ಲಿ ಒಂದು ದಿನವೂ ಮೈ ಬಗ್ಗಿಸದೆ, ಜಾತ್ರೆಯ ದಿನ ಮಾತ್ರ ಗಂಡಸುತನ ನೆನಪಾಗುವ ನಮ್ಮ ತರುಣರು ತಮ್ಮ ಮೇಲೆ ತಾವೇ ತೋರಿಕೊಂಡರೆ ಸಾಕು.

ಬಿಡುವ ವಿದ್ಯೆಯೊಂದಿದೆ, ಅದನ್ನು ಕಲಿಸುವವರು ಕಡಿಮೆ. ಜಪಾನಿನಲ್ಲಿ ಕಾನೊ ಜಿಗೊರೊ 1882ರಲ್ಲಿ ಸ್ಥಾಪಿಸಿದ ಜೂಡೊ ಪದ್ಧತಿಯಲ್ಲಿ ತೋಳಿಗೆ ಬಿಗಿ ಹಾಕುವ ಪಟ್ಟುಗಳಿವೆ; ಪಂದ್ಯಗಳಲ್ಲಿ ಮೊಣಕೈಯೊಂದನ್ನು ಬಿಟ್ಟು ಬೇರೆ ಕೀಲಿಗೆ ಅವನ್ನು ಹಾಕುವಂತಿಲ್ಲ; ಸಿಕ್ಕಿಕೊಂಡವನು ಅಂಗೈಯಿಂದ ಎರಡು ಸಲ ತಟ್ಟಿದರೆ ಹಿಡಿದವನು ಆ ಕ್ಷಣವೇ ಬಿಡಬೇಕು. ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ, ತೋಳ ಬಲವನ್ನೇ ಹೆಸರಾಗಿ ಪಡೆದ ಬಾಹುಬಲಿ ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲಕ್ಕೆತ್ತಿದನು, ನೆಲಕ್ಕೆ ಅಪ್ಪಳಿಸಲಿಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಇಂದು ಬಳ್ಳಿ ಹಬ್ಬಿಸಿಕೊಂಡು ನಿಂತಿರುವುದು ಆ ತೋಳುಗಳೇ.

ಎಲ್ಲ ಎಚ್ಚರಿಕೆಯ ಮೇಲೂ ಕೈ ನೊಂದಿತೆನ್ನಿ. ಆಮೇಲಿನ ಒಂದು ಹಗಲು ಒಂದು ರಾತ್ರಿ ನೋವಿಗಿಂತಲೂ ಹೆಚ್ಚಿನದನ್ನು ನಿರ್ಧರಿಸುತ್ತದೆ. ಉಸ್ತಾದರು ಬರುತ್ತಾರೆ, ಎಣ್ಣೆ ಕಾಸಿ ನೀವುತ್ತಾರೆ, ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಾರೆ. ಇವರನ್ನು ಹಗುರಾಗಿ ಕಾಣುವುದು ತಪ್ಪು. ಮೈಸೂರಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗವಾಡಿದ ಜಟ್ಟಿಗಳು ಎಲುಬು ಕೂರಿಸುವ ವಿದ್ಯೆಯಲ್ಲಿಯೂ ಹೆಸರಾದವರು. ಹತ್ತಿರದ ಆಸ್ಪತ್ರೆಗೆ ದಿನವಿಡೀ ನಡೆಯಬೇಕಾಗಿದ್ದ ಕಾಲದಲ್ಲಿ ಬಡವರ ಕೈಕಾಲು ಉಳಿಸಿದವರು ಇಂಥವರೇ. ದುಡ್ಡನ್ನೂ ಕೇಳದೆ ಉಳಿಸಿದರು. ಆದರೂ ಎರಡು ಸಂಗತಿಗಳಲ್ಲಿ ಅವರ ಕೈಯನ್ನು ವಿನಯದಿಂದಲೇ ತಡೆಯಬೇಕಾಗುತ್ತದೆ.

ಒಂದನೆಯದು ನೀವುವುದು. ದಣಿದ ಮೈಗೆ ಎಣ್ಣೆಯ ಮಾಲೀಸು ಅಮೃತ. ಪೆಟ್ಟಾದ ಮೊಣಕೈಗೆ ಅದೇ ವಿಷ. ಕೀಲು ತಪ್ಪಿ ಹರಿದ ಸ್ನಾಯುವನ್ನು ಬಿಸಿಯೆಣ್ಣೆಯಿಂದ ತಿಕ್ಕಿ, ಬಲವಂತವಾಗಿ ಮಡಿಸಿ ಬಿಡಿಸಿದರೆ, ಆ ಸ್ನಾಯುವಿನೊಳಗೇ ಎಲುಬು ಬೆಳೆಯತೊಡಗುತ್ತದೆ. ಮಾಂಸವಿರಬೇಕಾದಲ್ಲಿ ಎಲುಬು! ಕೆಲವು ವಾರಗಳಲ್ಲಿ ಮೊಣಕೈ ಮರದ ಕೊರಡಿನಂತೆ ನಿಂತುಬಿಡುತ್ತದೆ. ತುತ್ತು ಬಾಯಿಗೆ ಬಾರದು. ಎಷ್ಟು ತಿಕ್ಕಿದರೂ ಬಾಗದೆಂದು ಇನ್ನಷ್ಟು ತಿಕ್ಕುವವರೂ ಇದ್ದಾರೆ.

ಎರಡನೆಯದು ಬಿಗಿಯಾದ ಕಟ್ಟು. ಮಕ್ಕಳ ಮೊಣಕೈ ಪೆಟ್ಟಿನಲ್ಲಿ ಇದು ಅತಿ ಭಯಂಕರ. ಕಟ್ಟಿದ ಮೇಲೆ ಒಳಗೆ ಬಾವು ಏರುತ್ತದೆ, ದಬ್ಬೆ ಜಗ್ಗುವುದಿಲ್ಲ, ರಕ್ತದ ದಾರಿ ಮುಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ಮುಂಗೈಯ ಸ್ನಾಯುಗಳು ಸಾಯತೊಡಗಿ, ಮುಂದೆ ಒಣಗಿ ಕುಗ್ಗಿ, ಬೆರಳುಗಳು ಕೊಕ್ಕೆಯಂತೆ ಮಡಿಸಿಕೊಂಡು ಜೀವಮಾನವಿಡೀ ಹಾಗೆಯೇ ಉಳಿಯುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿದನು, ಅವನ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಆದರೆ ಮೂಲ ಎಚ್ಚರಿಕೆ ಅವನಿಗಿಂತ ಎಷ್ಟೋ ಹಿಂದಿನದು. ಸಡಿಲವಾಗಿ ಕಟ್ಟಿದರೆ ಸಂಧಿ ಸ್ಥಿರವಾಗದು, ಅತಿ ಬಿಗಿಯಾಗಿ ಕಟ್ಟಿದರೆ ಬಾವು, ನೋವು, ಕೀವು ಉಂಟಾಗುವುದೆಂದು ಸುಶ್ರುತನೇ ಹೇಳಿದ್ದಾನೆ. ಮೊಣಕೈಯ ಮರ್ಮಕ್ಕೆ ಪೆಟ್ಟಾದರೆ ಕೈ ಮುರುಟುವುದೆಂದೂ ಗುರುತಿಸಿದ್ದಾನೆ. ಹೀಗಿರುವಾಗ ಬಿಗಿಯಾದ ದಬ್ಬೆಯನ್ನು ಹಿರಿಯರ ಪದ್ಧತಿಯೆಂದು ಸಮರ್ಥಿಸುವುದು ಹಿರಿಯರಿಗೇ ಮಾಡುವ ಅನ್ಯಾಯ.

ಕಟ್ಟಿದ ಕೈಯನ್ನು ತಾಯಿ ರಾತ್ರಿಯೆಲ್ಲ ಗಂಟೆಗೊಮ್ಮೆ ನೋಡಬೇಕು. ಬೆರಳು ತಣ್ಣಗಾಯಿತೇ, ಬಿಳಿಚಿತೇ, ಜೋಮು ಹಿಡಿಯಿತೇ? ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಅದು ಚೀರುತ್ತದೆಯೇ? ಹಾಗಾದರೆ ಕಟ್ಟಿದವರು ಉಸ್ತಾದರಾಗಲಿ, ದೊಡ್ಡ ಆಸ್ಪತ್ರೆಯ ವೈದ್ಯರಾಗಲಿ, ಬೆಳಗಿನವರೆಗೆ ಕಾಯುವಂತಿಲ್ಲ. ಕಟ್ಟನ್ನು ಆಗಲೇ ಪೂರ್ತಿ ಸಡಿಲಿಸಿ ಹೊರಡಬೇಕು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾದ ಮೇಲೆ ಅಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಈಗ ವೈದ್ಯಕೀಯ ಕಾಲೇಜೂ ಇದೆ. ಅಬ್ಬೆತುಮಕೂರಿನಿಂದ ಅದು ದೂರದ ದಾರಿಯಲ್ಲ.

ಹೆಗಲು ತಪ್ಪಿದವನ ವಿಷಯದಲ್ಲಿ ಇನ್ನೊಂದು ಮಾತು. ಕೂರಿಸಿದೊಡನೆ ನೋವು ಮಾಯವಾಗುವುದರಿಂದ ಅವನು ಮುಂದಿನ ಜಾತ್ರೆಗೆ ಮತ್ತೆ ಲಂಗೋಟಿ ಬಿಗಿಯುತ್ತಾನೆ. ಇಪ್ಪತ್ತರೊಳಗಿನ ತರುಣರಲ್ಲಿ ಒಮ್ಮೆ ತಪ್ಪಿದ ಹೆಗಲು ಮತ್ತೆ ತಪ್ಪುವ ಸಂಭವ ಅರ್ಧಕ್ಕಿಂತಲೂ ಹೆಚ್ಚು. ಬರಬರುತ್ತ ಅಂಗಿ ತೊಡುವಾಗಲೂ ಜಾರುತ್ತದೆ. ಸುತ್ತಲಿನ ಸ್ನಾಯುಗಳು ಮತ್ತೆ ಬಲಿಯುವವರೆಗೆ ಕೆಲವು ತಿಂಗಳು ಕಣದ ಆಸೆ ಬಿಡಬೇಕು.

ಆಸ್ಪತ್ರೆಗೆ ಹೊರಡುವ ಮುನ್ನ ಮಾಡಬೇಕಾದದ್ದು ಸ್ವಲ್ಪ. ಕೈ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ವಲ್ಲಿಯಿಂದ ಕೊರಳಿಗೆ ತೂಗುಹಾಕಿ, ಎದೆಗೆ ಒರಗಿಸಿಡುವುದು, ಎಳೆದು ನೋಡಬಾರದು. ಬಾವು ಏರುವ ಮೊದಲೇ ಉಂಗುರ, ಕಡಗ, ಕೈಗಡಿಯಾರ, ರಟ್ಟೆಗೆ ಕಟ್ಟಿದ ತಾಯಿತದ ದಾರ ಇವೆಲ್ಲವನ್ನೂ ತೆಗೆದಿಡುವುದು; ಜಾತ್ರೆಯಲ್ಲಿ ಕಟ್ಟಿಸಿದ ತಾಯಿತವೆಂದು ಅಜ್ಜಿ ಬೇಡವೆಂದರೆ, ಬಿಚ್ಚಿ ಕೊರಳಿಗೆ ಕಟ್ಟಿದರೂ ಆದೀತೆಂದು ಅವರನ್ನು ಒಪ್ಪಿಸಬಹುದು. ಅರಿಶಿನ ಬೆರೆಸಿದ ಬಿಸಿಹಾಲು ಮಾತ್ರ ಸದ್ಯಕ್ಕೆ ಬೇಡ. ಹೊಟ್ಟೆ ತುಂಬಿದ್ದರೆ ಮತ್ತು ಬರಿಸುವ ಔಷಧ ಕೊಡಲಾಗದೆ, ಕೀಲು ಕೂರಿಸುವುದಕ್ಕೆ ವೈದ್ಯರು ಇನ್ನೂ ಕೆಲವು ಗಂಟೆ ಕಾಯಬೇಕಾಗುತ್ತದೆ.