ಹೆತ್ತವಳ ಪಾಪವಲ್ಲ, ಹಂಚಿಕೆಯ ತಪ್ಪು

ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವೊಂದು ಮನೆಯಲ್ಲಿ ಹುಟ್ಟಿದರೆ ದೋಷ ಹುಡುಕುವವರಿಗೆ ಬರವಿಲ್ಲ. ಒಬ್ಬರಿಗೆ ಅದು ನಾಗದೋಷ. ಇನ್ನೊಬ್ಬರಿಗೆ ಗ್ರಹಣದ ಹೊತ್ತು ಬಸುರಿ ಹೊರಗೆ ಬಂದುದರ ಫಲ. ಕಟ್ಟಕಡೆಗೆ ಹೊಣೆಯೆಲ್ಲ ಬೀಳುವುದು ಹೆತ್ತವಳ ತಲೆಯ ಮೇಲೆ. ವಿಜ್ಞಾನ ಹೇಳುವುದೇ ಬೇರೆ.

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ ಕ್ರೋಮೊಸೋಮುಗಳು ಇರುತ್ತವೆ. ತಾಯಿಯಿಂದ 23, ತಂದೆಯಿಂದ 23. ಈ ಲೆಕ್ಕ ಖಚಿತವಾದದ್ದು 1956ರಲ್ಲಿ. ಕೋಶವೊಂದು ಎರಡಾಗುವ ಮೊದಲು ಪ್ರತಿಯೊಂದು ತಂತುವಿಗೂ ನಕಲು ಸಿದ್ಧವಾಗಿ, ಎರಡೂ ಕೋಶಗಳಿಗೆ ಸಮಪಾಲು ಸಲ್ಲುತ್ತದೆ. ಅಂಡ ಮತ್ತು ವೀರ್ಯಾಣು ಉಂಟಾಗುವಾಗ ಮಾತ್ರ ಸಂಖ್ಯೆ ಅರ್ಧಕ್ಕೆ ಇಳಿಯಬೇಕು. ಆಗ ಒಂದು ಜೋಡಿ ಬೇರ್ಪಡದೆ ಒಂದೇ ಕಡೆಗೆ ಸರಿದರೆ ಮಗುವಿಗೆ 47 ತಂತುಗಳಾಗುತ್ತವೆ. 21ನೆಯ ತಂತು ಮೂರಾದಾಗ ಡೌನ್ ಸಿಂಡ್ರೋಮ್. ಇದನ್ನು 1959ರಲ್ಲಿ ಫ್ರಾನ್ಸಿನ ಲೆಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. 18 ಅಥವಾ 13ನೆಯದು ಮೂರಾದರೆ ಇನ್ನೂ ಅಪರೂಪದ, ಇನ್ನೂ ಕಠಿಣವಾದ ಎಡ್ವರ್ಡ್ಸ್ ಮತ್ತು ಪಟೌ ಸಿಂಡ್ರೋಮುಗಳು.

ಹೆಣ್ಣಿನ ಅಂಡಗಳು, ಆಕೆ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ವಿಭಜನೆಗೆ ತೊಡಗಿ, ನಡುವೆ ನಿಂತು, ವರ್ಷಗಟ್ಟಲೆ ಕಾಯುತ್ತವೆ. ವಯಸ್ಸು ಏರಿದಂತೆ ಹಂಚಿಕೆ ತಪ್ಪುವ ಸಂಭವವೂ ಏರುತ್ತದೆ. 25ರ ತಾಯಿಗೆ ಡೌನ್ ಮಗು ಸುಮಾರು 1,200ಕ್ಕೆ ಒಂದಾದರೆ, 40ರಲ್ಲಿ ಸುಮಾರು 100ಕ್ಕೆ ಒಂದು. ಇದರಲ್ಲಿ ಆಕೆಯ ನಡತೆಯ ಪಾಲು ಎಲ್ಲಿ ಬಂತು?

ನೂರರಲ್ಲಿ ಮೂರು ನಾಲ್ಕು ಡೌನ್ ಮಕ್ಕಳಲ್ಲಿ ಮಾತ್ರ ಹೆಚ್ಚಿನ ತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಇದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು, ಮುಂದಿನ ಮಗುವಿಗೂ ಬರಬಹುದು. ಆದುದರಿಂದ ಮಗುವಿನ ರಕ್ತದ ವರ್ಣತಂತು ಪರೀಕ್ಷೆ ಅಗತ್ಯ. ಜಾತಕ ನೋಡಿ ಇದನ್ನು ಹೇಳಲಾಗದು.

ಆದರೆ ಪರೀಕ್ಷೆಯ ವರದಿ ಬರುವುದು ಇಂಗ್ಲಿಷಿನಲ್ಲಿ. ವಿವರಣೆ ಇಲ್ಲಿ ಮಲೆಯಾಳದಲ್ಲಿ. ಆಂಧ್ರದ ಗಡಿಯ ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಕಡೆಯ ಕನ್ನಡ ಮನೆಗಳಿಗೆ ಅದೇ ಮಾತು ತೆಲುಗಿನಲ್ಲಿ. ಅರ್ಧ ತಿಳಿದ ಮಾತಿನ ಉಳಿದರ್ಧವನ್ನು ಮನೆಯಲ್ಲಿ ತುಂಬುವುದು ಮತ್ತದೇ ನಾಗದೋಷ! ಕೇಂದ್ರ ಸರಕಾರ 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ತಂದಿದೆ. ನೀತಿ ಒಳ್ಳೆಯದೇ. ಅದು ಹೆತ್ತವರ ಕಿವಿಗೆ ಅವರ ನುಡಿಯಲ್ಲಿ ತಲುಪಬೇಡವೇ?

ಗಡಿನಾಡಿನ ಆಸ್ಪತ್ರೆಗಳಲ್ಲಿ ಒಂದು ಕನ್ನಡ ಕರಪತ್ರ, ಕನ್ನಡ ಬಲ್ಲ ಒಬ್ಬ ಸಲಹೆಗಾರ: ಕೇಳುವುದು ಇಷ್ಟೇ. ಅಷ್ಟಾದರೆ ಎಷ್ಟೋ ತಾಯಂದಿರ ಮೇಲಿನ ಅಪವಾದ ತಪ್ಪೀತು. ಸಂಬಂಧಪಟ್ಟವರು ಮನಸ್ಸು ಮಾಡುವರೇ?