ಗರ್ಭಿಣೀರಕ್ಷಣೆಯೂ ಯುದ್ಧಧರ್ಮವೂ

ಯುದ್ಧವೆಂದ ಮೇಲೆ ಸಾವುನೋವುಗಳು ಅನಿವಾರ್ಯವೆಂದೂ, ಗಾಯಗೊಂಡವರಿಗೇ ಔಷಧವಿಲ್ಲದಿರುವಾಗ ಬಸುರಿಬಾಣಂತಿಯರ ಮಾತನ್ನೆತ್ತುವುದು ಅಕಾಲಿಕವೆಂದೂ ಕೆಲವರು ವಾದಿಸುವುದುಂಟು. ಮೇಲುನೋಟಕ್ಕೆ ಇದು ವಿವೇಕದ ಮಾತಿನಂತೆ ತೋರುವುದಾದರೂ ವಿಚಾರಿಸಿ ನೋಡಿದರೆ ನಿಲ್ಲತಕ್ಕುದಲ್ಲ. ಸಂಧಿಯಾಗುವವರೆಗೆ ಮದುವೆಯನ್ನು ಮುಂದಕ್ಕೆ ಹಾಕಬಹುದು, ಸಾಲದ ವಸೂಲಿಯನ್ನು ನಿಲ್ಲಿಸಬಹುದು. ತುಂಬಿದ ಗರ್ಭವು ಮಾತ್ರ ಸೇನಾಪತಿಯ ಅಪ್ಪಣೆಯನ್ನು ಕಾಯುವುದಿಲ್ಲ. ಹೆರಿಗೆಯಾದ ಬಳಿಕ ರಕ್ತಸ್ರಾವವು ನಿಲ್ಲದಿದ್ದರೆ ಆರೋಗ್ಯವಂತಳಾದ ಹೆಂಗಸೂ ಎರಡು ಗಂಟೆಗಳೊಳಗೆ ಮೃತಳಾಗಬಹುದು.

ಸೂಡಾನ್ ದೇಶದ ಎಲ್-ಫಾಶರ್ ಪಟ್ಟಣದಲ್ಲಿ ನಡೆದುದನ್ನು ವಾಚಕರು ಗಮನಿಸಬೇಕು. 2023ನೆಯ ಏಪ್ರಿಲ್ 15ರಂದು ಅಲ್ಲಿಯ ಸೈನ್ಯಕ್ಕೂ ‘ರ್‍ಯಾಪಿಡ್ ಸಪೋರ್ಟ್ ಫೋರ್ಸಸ್’ ಎಂಬ ಅರೆಸೈನಿಕ ಪಡೆಗೂ ಯುದ್ಧವು ಮೊದಲಾಯಿತು. 2024ನೆಯ ಮೇ ತಿಂಗಳಲ್ಲಿ ಆ ಪಡೆಯು ಪಟ್ಟಣವನ್ನು ಮುತ್ತಿತು. ಜೂನ್ ತಿಂಗಳಲ್ಲಿ ದಕ್ಷಿಣದ ಆಸ್ಪತ್ರೆಯು ದಾಳಿಗೆ ತುತ್ತಾಗಿ ಮುಚ್ಚಿಹೋಗಲು, ಶಸ್ತ್ರಚಿಕಿತ್ಸೆಯ ಭಾರವೆಲ್ಲವೂ ಸೌದಿ ಹೆರಿಗೆ ಆಸ್ಪತ್ರೆಯ ಮೇಲೆ ಬಿದ್ದಿತು. 2025ನೆಯ ಜನವರಿಯಲ್ಲಿ ಅದೇ ಆಸ್ಪತ್ರೆಯ ಮೇಲೆ ನಡೆದ ದಾಳಿಯಲ್ಲಿ ಸುಮಾರು 70 ಮಂದಿ ಸತ್ತರು. ಅಕ್ಟೋಬರ್ 26ರಂದು ಪಟ್ಟಣವು ಬಿದ್ದಿತು. 28ರಂದು ಆ ಆಸ್ಪತ್ರೆಯೊಳಗೆ ರೋಗಿಗಳೂ ಅವರ ಸಂಗಡಿಗರೂ ಸೇರಿ 460ಕ್ಕೂ ಹೆಚ್ಚು ಜನರು ಹತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿತು.

ಗುಂಡು ಹಾರಿಸಿದವನು ಮಾತ್ರವೇ ಕೊಲೆಗಾರನೆಂದು ಭಾವಿಸಬಾರದು. ಬಾಣಂತಿಯ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಔಷಧವನ್ನು ತಂಪಿನಲ್ಲಿಡಬೇಕು. ಮುತ್ತಿಗೆಯಿಂದ ಇಂಧನವನ್ನು ತಡೆದವನು ಆ ಔಷಧವನ್ನೂ ಕೆಡಿಸಿದಂತೆಯೇ ಸರಿ. ಪಟ್ಟಣದ ಸುತ್ತ ಮಣ್ಣಿನ ಒಡ್ಡನ್ನು ಹಾಕಿ ದಾರಿಯನ್ನು ಕಟ್ಟಿದವನು ಸೂಲಗಿತ್ತಿಯ ಕೈಯನ್ನೂ ಕಟ್ಟಿದನು.

ಇದಕ್ಕೆ ಕಾನೂನಿನ ಆಧಾರವಿಲ್ಲವೆ? 1949ರ ನಾಲ್ಕನೆಯ ಜಿನೀವಾ ಒಡಂಬಡಿಕೆಯು ಗರ್ಭಿಣಿಯರಿಗೆ ವಿಶೇಷ ರಕ್ಷಣೆಯನ್ನು ವಿಧಿಸಿ, ಹೆರಿಗೆಯ ಆಸ್ಪತ್ರೆಗಳನ್ನು ಯಾವ ಸನ್ನಿವೇಶದಲ್ಲಿಯೂ ಹೊಡೆಯಕೂಡದೆಂದು ಹೇಳಿದೆ. ಆ ವಿಧಿಗಳು ರಾಜ್ಯ ರಾಜ್ಯಗಳ ಯುದ್ಧಕ್ಕೇ ಹೊರತು ಅಂತರ್ಯುದ್ಧಕ್ಕಲ್ಲವೆಂಬ ಆಕ್ಷೇಪವು ಬರಬಹುದು. ಅಂತರ್ಯುದ್ಧದಲ್ಲಿಯೂ ರೋಗಿಗಳನ್ನು ಆರೈಕೆ ಮಾಡಬೇಕೆಂದು ಅದೇ ಒಡಂಬಡಿಕೆಯ ಮೂರನೆಯ ವಿಧಿಯು ಸಾರುತ್ತದೆ. ಚಿಕಿತ್ಸಾಲಯಗಳನ್ನು ಸರ್ವಕಾಲದಲ್ಲಿಯೂ ರಕ್ಷಿಸಬೇಕೆಂದು 1977ರ ಎರಡನೆಯ ಪೂರಕ ಒಪ್ಪಂದವು ಹೇಳುತ್ತದೆ. 2006ರಲ್ಲಿ ಸೂಡಾನು ಅದಕ್ಕೂ ಸೇರಿತು. ಆದುದರಿಂದ ಕೊರತೆಯಿರುವುದು ಕಾನೂನಿಗಲ್ಲ, ಪಾಲಿಸುವ ಮನಸ್ಸಿಗೆ.

ಇದು ಪಾಶ್ಚಾತ್ಯರು ಹೊಸದಾಗಿ ಕಲ್ಪಿಸಿದ ಕೋಮಲಭಾವವೆಂದು ಹೇಳುವವರು ಮಹಾಭಾರತವನ್ನು ನೆನೆಯಲಿ. ನಿದ್ರಿಸುತ್ತಿದ್ದ ವೀರರನ್ನು ಕೊಂದ ಅಶ್ವತ್ಥಾಮನಿಗೆ ಕೃಷ್ಣನ ಶಾಪವು ತಗುಲಿದ್ದು ಅವನು ಉತ್ತರೆಯ ಗರ್ಭದ ಮೇಲೆ ಅಸ್ತ್ರವನ್ನು ತಿರುಗಿಸಿದ ಮೇಲೆ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಎರಡು ತಿಂಗಳು ಕಳೆದ ಗರ್ಭಿಣಿಯಿಂದ ದೋಣಿಯ ಸುಂಕವನ್ನು ಕೊಳ್ಳಲಾಗದೆಂದು ವಿಧಿಸುತ್ತದೆ. ಎಲ್-ಫಾಶರಿನಿಂದ ಸುಮಾರು 60 ಕಿಲೋಮೀಟರು ದೂರದ ತವೀಲಾಕ್ಕೆ ಓಡಿದ ಸಂಸಾರಗಳನ್ನಾದರೋ ದಾರಿಯಲ್ಲಿ ತಡೆದು ಹಣ ಸುಲಿದರೆಂದು ಪಾರಾಗಿ ಬಂದವರು ಹೇಳಿದರು. ಹೊಳೆಯ ಅಂಬಿಗನಿಗೂ ಇದ್ದ ಧರ್ಮವು ಬಂದೂಕುಧಾರಿಗೆ ಇಲ್ಲವಾಯಿತು!

2023ರಲ್ಲಿ ಲೋಕದಲ್ಲಿ ಸುಮಾರು 2,60,000 ಸ್ತ್ರೀಯರು ಬಸುರಿನಿಂದಲೋ ಹೆರಿಗೆಯಿಂದಲೋ ಸತ್ತರೆಂದು ವಿಶ್ವಸಂಸ್ಥೆಯ ಲೆಕ್ಕ. ಅವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಯುದ್ಧದಿಂದಲೋ ಅರಾಜಕತೆಯಿಂದಲೋ ಕಂಗೆಟ್ಟ ದೇಶಗಳವರು. ಇಂಥ ಮರಣವು ವಿಧಿಲಿಖಿತವಲ್ಲ. ದಾರಿಯನ್ನು ಬಿಡುವುದು, ಇಂಧನವನ್ನೂ ಔಷಧವನ್ನೂ ಒಳಕ್ಕೆ ಬಿಡುವುದು, ಸೂಲಗಿತ್ತಿಯನ್ನು ತಡೆಯದಿರುವುದು: ಈ ಮೂರಕ್ಕೂ ಸೇನಾಪತಿಯ ಒಂದು ಅಪ್ಪಣೆ ಸಾಕು. ಅದನ್ನು ಕೊಡದವನನ್ನು ಕ್ಷಮಿಸುವುದಕ್ಕಾಗಿಯೇ ‘ಅನಿವಾರ್ಯ’ವೆಂಬ ಶಬ್ದವು ಹುಟ್ಟಿದೆ. ವಿದ್ಯಾವಂತರ ಮನೆಗಳಲ್ಲಿಯಾದರೂ ಆ ಶಬ್ದವು ಇನ್ನು ಕೇಳಿಬರದಿರಲಿ.